ಬೆಳಕನ್ನು ತೂಗುವ ಮೊದಲು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಎಂಟರಿಂದ ಹತ್ತನೆಯ ತರಗತಿವರೆಗೆ ನಾನು ಓದಿದ್ದು ಇದೇ ಶಾಲೆಯಲ್ಲಿ. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ, "ಸಾಫ್ಟ್‌ವೇರ್ ಅಂದ್ರೆ ಏನು ಮಾಡ್ತೀಯಪ್ಪ?" ಅಂತ. "ಕಂಪ್ಯೂಟರ್ ಕೆಲಸ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇವತ್ತು ಹದಿನೈದು ನಿಮಿಷ ಕೊಟ್ಟಿದ್ದಾರೆ, ಸರಿಯಾಗಿಯೇ ಹೇಳುತ್ತೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಅದನ್ನು ಹೇಳುವುದಕ್ಕೆ ಈ ಶಾಲೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನಾನು ಪ್ರಯೋಗಾಲಯದ ಒಂದು ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತೇನೆ. ಅದರ ಹೆಸರು ಫ್ಲೋರಿಸೆನ್ಸ್ ಸ್ಪೆಕ್ಟ್ರೋಮೀಟರ್. ಹೆಸರು ಉದ್ದ, ಕೆಲಸ ಸರಳ. ಕೆಲವು ವಸ್ತುಗಳ ಮೇಲೆ ಬೆಳಕು ಬಿಟ್ಟರೆ ಅವು ಆ ಬೆಳಕನ್ನು ನುಂಗಿ, ತಕ್ಷಣವೇ ಬೇರೆ ಬಣ್ಣದ ಬೆಳಕನ್ನು ಹೊರಗೆ ಬಿಡುತ್ತವೆ. ಇದಕ್ಕೆ ಪಠ್ಯಪುಸ್ತಕದ ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತಾರೆ. ನನ್ನ ಕೈಯಲ್ಲಿರುವುದು ನೋಟು ಪರೀಕ್ಷೆ ಮಾಡುವ ನೇರಳಾತೀತ ಟಾರ್ಚು. ಇದನ್ನು ಈ ಹುಡುಗನ ಬಿಳಿ ಶರ್ಟಿನ ಮೇಲೆ ಬಿಡುತ್ತೇನೆ, ನೋಡಿ. ಶರ್ಟು ನೀಲಿಯಾಗಿ ಹೊಳೆಯುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ಹೆಚ್ಚಿಸಲು ಹಾಕಿದ ವಸ್ತುವಿನ ಕೆಲಸ ಅದು. ಈ ಸೀಸೆಯಲ್ಲಿರುವುದು ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಕಲಸಿದ್ದು. ಇದು ಹಸಿರು ಹಳದಿಯಾಗಿ ಬೆಳಗುತ್ತದೆ. ಹಸಿರು ಎಲೆಯನ್ನು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ ಇದೇ ಟಾರ್ಚು ಬಿಟ್ಟರೆ ರಸ ಕೆಂಪಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲಿದ್ದ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1852ರಲ್ಲಿ, ಮಲೇರಿಯಾ ಜ್ವರಕ್ಕೆ ಕೊಡುವ ಕ್ವಿನೈನ್‌ನ ದ್ರಾವಣ ಸೂರ್ಯನ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದೇಕೆ ಎಂದು ವಿವರಿಸಿದರು. ಫ್ಲೋರಿಸೆನ್ಸ್ ಎಂಬ ಹೆಸರನ್ನು ಕೊಟ್ಟವರೂ ಅವರೇ.

ಹೊರಬರುವ ಈ ಬೆಳಕು ಎಷ್ಟು, ಯಾವ ಬಣ್ಣದ್ದು, ಎಷ್ಟು ಹೊತ್ತು ಇರುತ್ತದೆ ಎಂದು ನಮ್ಮ ಯಂತ್ರ ಅಳೆಯುತ್ತದೆ. ಎಷ್ಟು ಹೊತ್ತು ಎಂದರೆ, ಸಾಮಾನ್ಯವಾಗಿ ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅಂಥ ಕೆಲವು ಭಾಗಗಳಷ್ಟು ಹೊತ್ತು. ಅಂಥ ಒಂದು ಭಾಗಕ್ಕೆ ನ್ಯಾನೋಸೆಕೆಂಡ್ ಎನ್ನುತ್ತಾರೆ. ಔಷಧಿಯ ಅಣು ಮೈಯೊಳಗಿನ ಪ್ರೋಟೀನಿಗೆ ಅಂಟಿಕೊಂಡಿತೋ ಇಲ್ಲವೋ ಎಂಬಂಥ ಪ್ರಶ್ನೆಗೆ ಈ ಅಳತೆಯಿಂದ ಉತ್ತರ ಸಿಗುತ್ತದೆ. ಅಂಟಿದ ಅಣುವಿನ ಹೊಳಪು ಒಂದು ಹೊತ್ತು, ಅಂಟದ ಅಣುವಿನದು ಇನ್ನೊಂದು ಹೊತ್ತು. ಎರಡು ಹೊತ್ತು ಕಂಡರೆ ಎರಡು ಬಗೆಯ ಅಣುಗಳಿವೆ ಎಂದು ಲೆಕ್ಕ ಹಾಕುತ್ತಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಔಷಧ ಸಂಶೋಧನೆ ಮಾಡುವ ಒಂದು ಪ್ರಯೋಗಾಲಯದಿಂದ ನಮ್ಮ ಕಂಪನಿಗೆ ದೂರು ಬಂತು. ಯಂತ್ರ ಸರಿಯಿದೆಯೇ ಎಂದು ನೋಡಲು ಅವರು ಗುಣ ಚೆನ್ನಾಗಿ ಗೊತ್ತಿರುವ ಒಂದು ಬಣ್ಣವನ್ನು ಗಟ್ಟಿ ದ್ರವದಲ್ಲಿ ಕಲಸಿ ಇಟ್ಟಿದ್ದರು. ಅದರಲ್ಲಿ ಒಂದೇ ಹೊತ್ತು ಬರಬೇಕು. ನಮ್ಮ ಪ್ರೋಗ್ರಾಂ ಎರಡು ತೋರಿಸುತ್ತಿತ್ತು. ಪ್ರೋಗ್ರಾಂ ನನ್ನದು, ಆದ್ದರಿಂದ ಸರಿಪಡಿಸುವ ಕೆಲಸವೂ ನನ್ನದೇ ಆಯಿತು. ಮೂರು ವಾರ ಹಗಲು ರಾತ್ರಿ ಕೂತೆ. ಲೆಕ್ಕದಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ಎರಡನೆಯ ಪಾಲು ಚಿಕ್ಕದಾಗಿದ್ದರೆ ಅದನ್ನು ಕೈಬಿಟ್ಟು, ಗೆರೆಯನ್ನು ನಯ ಮಾಡಿ ಒಂದೇ ಉತ್ತರ ತೋರಿಸುವಂತೆ ನಾಲ್ಕು ಸಾಲು ಸೇರಿಸಿದೆ. ಗ್ರಾಫು ತುಂಬ ಚೆಂದ ಬಂತು. ಎಲ್ಲರೂ ಬೆನ್ನು ತಟ್ಟಿದರು. ಹೊಸ ಆವೃತ್ತಿ ಪರೀಕ್ಷೆಗೆಂದು ಎರಡು ಕಡೆಗೆ ಹೋಯಿತು.

ನಮ್ಮಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಹಿರಿಯ ಮೇಡಂ ಒಬ್ಬರಿದ್ದರು. ರಸಾಯನಶಾಸ್ತ್ರ ಓದಿದವರು. ಗ್ರಾಫನ್ನು ನೋಡಿ, "ಚೆನ್ನಾಗಿದೆಯಪ್ಪ. ಅಳೆಯುವಾಗ ಪೋಲರೈಸರ್ ಯಾವ ಕೋನದಲ್ಲಿತ್ತು?" ಎಂದರು. ನಾನು ಬಾಯಿ ಬಿಡಲಿಲ್ಲ. ನನಗೆ ಗೊತ್ತಿರಲಿಲ್ಲ. ಆ ಪ್ರಯೋಗಾಲಯದವರಿಗೆ ಫೋನ್ ಮಾಡಿ ಕೇಳಿದೆವು. "ಬೆಳಕು ಕಡಿಮೆ ಬರ್ತಿತ್ತು ಸಾರ್, ಅದಕ್ಕೆ ಅದನ್ನ ತೆಗೆದಿಟ್ಟಿದ್ದೀವಿ" ಎಂದರು.

ಪೋಲರೈಸರ್ ಎಂದರೇನು ಎಂದು ಮಕ್ಕಳಿಗೆ ಹೇಳಬೇಕು. ಒಂದು ಹಗ್ಗವನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಅಲ್ಲಾಡಿಸಬಹುದು, ಎಡಕ್ಕೆ ಬಲಕ್ಕೂ ಅಲ್ಲಾಡಿಸಬಹುದು. ಆ ಹಗ್ಗ ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ಹಾದುಹೋದರೆ ಮೇಲೆ ಕೆಳಗಿನ ಅಲೆ ದಾಟುತ್ತದೆ, ಎಡ ಬಲದ ಅಲೆ ಸರಳಿಗೆ ತಾಗಿ ನಿಲ್ಲುತ್ತದೆ. ಬೆಳಕೂ ಹೀಗೆ ಅಡ್ಡಡ್ಡ ಅಲ್ಲಾಡುವ ಅಲೆಯೇ. ಒಂದು ದಿಕ್ಕಿನ ಅಲ್ಲಾಟವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುವುದೇ ಪೋಲರೈಸರ್. ಹಳೆಯ ಕ್ಯಾಲ್ಕುಲೇಟರಿನ ಪರದೆಯಿಂದ ಕಿತ್ತ ಎರಡು ಹಾಳೆಗಳು ಇಲ್ಲಿವೆ. ಒಂದರ ಮೇಲೊಂದು ಇಟ್ಟಿದ್ದೇನೆ, ಆಚೆಗಿನದು ಕಾಣುತ್ತದೆ. ಮೇಲಿನದನ್ನು ನಿಧಾನವಾಗಿ ತಿರುಗಿಸಿದರೆ ಮಬ್ಬಾಗುತ್ತಾ ಹೋಗಿ, ಕಾಲು ಸುತ್ತಿಗೆ ಪೂರ್ತಿ ಕಪ್ಪಾಯಿತು. ಎರಡೂ ಹಾಳೆ ಹಾಗೆಯೇ ಇವೆ, ಬದಲಾಗಿದ್ದು ಕೋನ ಮಾತ್ರ.

ಇದಕ್ಕೂ ನಮ್ಮ ಯಂತ್ರಕ್ಕೂ ಏನು ಸಂಬಂಧ? ಅಣುಗಳಿಗೂ ದಿಕ್ಕು ಇರುತ್ತದೆ. ನೆಟ್ಟಗೆ ಅಲ್ಲಾಡುವ ಬೆಳಕು ಬಿಟ್ಟರೆ, ಹೆಚ್ಚುಕಡಿಮೆ ನೆಟ್ಟಗೆ ನಿಂತ ಅಣುಗಳೇ ಅದನ್ನು ಹೆಚ್ಚು ನುಂಗುತ್ತವೆ. ಅಣು ಅಲ್ಲಾಡದೆ ನಿಂತಿದ್ದರೆ ಅದು ಮರಳಿ ಬಿಡುವ ಬೆಳಕೂ ನೆಟ್ಟಗಿನ ಕಡೆಗೇ ಹೆಚ್ಚು ವಾಲಿರುತ್ತದೆ. ಒಂದು ಪಾಲು ಅಡ್ಡಕ್ಕೆ ಮೂರು ಪಾಲು ನೆಟ್ಟಗೆ ಎಂಬವರೆಗೂ ಈ ವಾಲಿಕೆ ಹೋಗಬಹುದು. ನೀರಿನಲ್ಲಿ ಚಿಕ್ಕ ಅಣುಗಳು ಬೆಳಕು ಬಿಡುವುದಕ್ಕೆ ಮುಂಚೆಯೇ ಗಿರಗಿರ ತಿರುಗಿ ತಮ್ಮ ದಿಕ್ಕನ್ನು ಮರೆತುಬಿಡುತ್ತವೆ. ಪ್ರಯೋಗಾಲಯಗಳಲ್ಲಿ ಬಳಸುವ ಫ್ಲೋರಿಸಿನ್ ಎಂಬ ಬಣ್ಣ ನೀರಿನಲ್ಲಿ ಸುಮಾರು ನಾಲ್ಕು ನ್ಯಾನೋಸೆಕೆಂಡ್ ಹೊಳೆಯುತ್ತದೆ, ಆದರೆ ಅದರ ಹತ್ತನೆಯ ಒಂದು ಭಾಗದಷ್ಟು ಹೊತ್ತೂ ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ಗ್ಲಿಸರಿನ್‌ನಂಥ ಗಟ್ಟಿ ದ್ರವದಲ್ಲಿ ಹಾಗಲ್ಲ. ಜೋನಿಬೆಲ್ಲದಲ್ಲಿ ಸಿಕ್ಕಿಬಿದ್ದ ಇರುವೆಯಂತೆ ಅಣು ತಿರುಗಲಾರದೆ ಒದ್ದಾಡುತ್ತದೆ. ದೊಡ್ಡ ಪ್ರೋಟೀನಿಗೆ ಅಂಟಿಕೊಂಡ ಅಣುವಿನ ಪಾಡೂ ಇದೇ.

ಆಗ ನಮ್ಮ ಯಂತ್ರ ಮೋಸ ಹೋಗುತ್ತದೆ. ಹೇಗೆಂದರೆ, ಮೂರು ಬೀದಿಗಳಿರುವ ಒಂದು ಊರನ್ನು ಊಹಿಸಿಕೊಳ್ಳಿ. ಜನ ಎಣಿಸುವವನು ನಿಂತ ಜಾಗದಿಂದ ಎರಡು ಬೀದಿ ಮಾತ್ರ ಕಾಣುತ್ತವೆ, ಒಂದು ಮರೆಯಾಗಿದೆ. ಬೆಳಕಿನ ಅಲ್ಲಾಟಕ್ಕೂ ಮೂರು ಬೀದಿಗಳಿವೆ. ಒಂದು ನೆಟ್ಟಗಿನದು, ಎರಡು ಅಡ್ಡದವು. ಯಂತ್ರದ ಕಣ್ಣು ಪಕ್ಕದಿಂದ ನೋಡುವುದರಿಂದ ಅದರ ದೃಷ್ಟಿಯ ನೇರಕ್ಕಿರುವ ಅಡ್ಡ ಬೀದಿ ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಬೆಳಕು ತಾನು ಸಾಗುವ ದಿಕ್ಕಿನಲ್ಲಿ ಅಲ್ಲಾಡುವುದಿಲ್ಲ. ಮೂರೂ ಬೀದಿಯಲ್ಲಿ ಜನ ಸಮವಾಗಿದ್ದರೆ ತೊಂದರೆಯಿಲ್ಲ. ನೆಟ್ಟಗಿನ ಬೀದಿಯಲ್ಲಿ ಜನ ಹೆಚ್ಚಿದ್ದರೆ ಕಾಣುವ ಎರಡನ್ನೇ ಕೂಡಿ ಊರಿನ ಲೆಕ್ಕ ಹೇಳುವುದು ತಪ್ಪಾಗುತ್ತದೆ.

ನಮ್ಮ ದೂರಿನಲ್ಲಿ ಆಗಿದ್ದು ಇದೇ. ಬೆಳಕು ಬಿಟ್ಟ ಕೂಡಲೇ ನೆಟ್ಟಗಿನ ಬೀದಿಯಲ್ಲಿ ಜನ ಹೆಚ್ಚು. ಅಣುಗಳು ನಿಧಾನವಾಗಿ ತಿರುಗಿದ ಹಾಗೆ ಅವರು ಉಳಿದ ಬೀದಿಗಳಿಗೆ ಹಂಚಿಹೋದರು, ಅಂದರೆ ಮರೆಯಲ್ಲಿದ್ದ ಬೀದಿಗೂ ಹೋದರು. ಯಂತ್ರದ ಕಣ್ಣಿಗೆ ಜನ ಕಡಿಮೆಯಾದಂತೆ ಕಂಡಿತು. ಊರು ಬಿಟ್ಟವರೂ ಬೀದಿ ಬದಲಿಸಿದವರೂ ಅದರ ಲೆಕ್ಕದಲ್ಲಿ ಒಂದೇ. ಆದ್ದರಿಂದ ಒಂದರ ಬದಲು ಎರಡು ಹೊತ್ತು ಕಂಡವು. ಇದರ ಜೊತೆಗೆ ಇನ್ನೊಂದು ತೊಡಕು ಇದೆ. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಲು ಯಂತ್ರದಲ್ಲಿ ಗ್ರೇಟಿಂಗ್ ಎಂಬ ಸಣ್ಣ ಗೆರೆಗಳ ತಟ್ಟೆ ಇರುತ್ತದೆ. ಅದು ನೆಟ್ಟಗಿನ ಬೆಳಕನ್ನೂ ಅಡ್ಡದ ಬೆಳಕನ್ನೂ ಒಂದೇ ಸಮನೆ ಮುಂದಕ್ಕೆ ಕಳಿಸುವುದಿಲ್ಲ. ಕೆಲವು ಬಣ್ಣಗಳಲ್ಲಿ ವ್ಯತ್ಯಾಸ ತಟ್ಟನೆ ಏರುತ್ತದೆ. ಅಮೆರಿಕದ ಆರ್. ಡಬ್ಲ್ಯೂ. ವುಡ್ ಎಂಬವರು ಇದನ್ನು 1902ರಲ್ಲೇ ಗಮನಿಸಿದ್ದರು. ಇದು ಗೊತ್ತಿಲ್ಲದವನು ಗ್ರಾಫಿನಲ್ಲಿ ಇಲ್ಲದ ಗುಡ್ಡ, ಇಲ್ಲದ ಹಳ್ಳ ಕಂಡು, ಅದು ವಸ್ತುವಿನ ಗುಣ ಎಂದು ಬರೆದುಬಿಡುತ್ತಾನೆ.

ಪರಿಹಾರ ಒಂದು ಕೋನದಲ್ಲಿದೆ. ಅಡ್ಡ ಬೀದಿಗಳು ಎರಡೂ ಒಂದೇ ಸಮ, ಆದ್ದರಿಂದ ಕಾಣುವ ಅಡ್ಡ ಬೀದಿಯನ್ನು ಎರಡು ಸಲ ಎಣಿಸಿದರೆ ಮರೆಯಲ್ಲಿರುವುದೂ ಲೆಕ್ಕಕ್ಕೆ ಬಂದ ಹಾಗೆ. ನೆಟ್ಟಗಿನದಕ್ಕೆ ಒಂದು ಪಾಲು, ಅಡ್ಡದ್ದಕ್ಕೆ ಎರಡು ಪಾಲು. ಹೊರಬರುವ ಬೆಳಕಿನ ದಾರಿಯಲ್ಲಿ ಪೋಲರೈಸರನ್ನು ನೆಟ್ಟಗಿನ ಗೆರೆಯಿಂದ 54.7 ಡಿಗ್ರಿ ವಾಲಿಸಿ ಇಟ್ಟರೆ ಅದು ಸರಿಯಾಗಿ ಇದೇ ಪಾಲಿನಲ್ಲಿ ಬೆಳಕನ್ನು ಬಿಡುತ್ತದೆ. ಹತ್ತನೆಯ ತರಗತಿಯ ಮಕ್ಕಳೇ, ಯಾವ ಕೋನದ ಟ್ಯಾನ್ ಬೆಲೆಯ ವರ್ಗ ಎರಡು ಆಗುತ್ತದೆ ಎಂದು ಮನೆಯಲ್ಲಿ ಲೆಕ್ಕ ಮಾಡಿ ನೋಡಿ, ಇದೇ ಸಂಖ್ಯೆ ಬರುತ್ತದೆ. ವಿಜ್ಞಾನಿಗಳು ಇದನ್ನು ಮ್ಯಾಜಿಕ್ ಕೋನ ಎನ್ನುತ್ತಾರೆ. ಮ್ಯಾಜಿಕ್ ಏನೂ ಇಲ್ಲ, ನೀವು ಕಲಿಯುವ ತ್ರಿಕೋನಮಿತಿಯೇ. ಪೋಲರೈಸರ್ ಅಲ್ಲಿದ್ದರೆ ಗ್ರೇಟಿಂಗ್‌ಗೂ ಯಾವಾಗಲೂ ಒಂದೇ ದಿಕ್ಕಿನ ಬೆಳಕು ಸಿಗುತ್ತದೆ, ಹಾಗಾಗಿ ಒಂದು ದ್ರವಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಪಕ್ಷಪಾತ ಆಗುವುದಿಲ್ಲ. ಆದರೆ ಇದಕ್ಕೆ ಬೆಲೆ ಇದೆ. ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಪೋಲರೈಸರೇ ತಿಂದುಹಾಕುತ್ತದೆ. ಅಳೆಯಲು ಹೆಚ್ಚು ಹೊತ್ತು ಕಾಯಬೇಕು. ಅದಕ್ಕೇ ಅವಸರದವರು ಅದನ್ನು ತೆಗೆದಿಡುತ್ತಾರೆ.

ಮೇಡಂ ನಮ್ಮ ಯಂತ್ರದಲ್ಲಿ ಅದೇ ಬಣ್ಣವನ್ನು ಅದೇ ಗಟ್ಟಿ ದ್ರವದಲ್ಲಿ ಕಲಸಿ ಇಟ್ಟರು. ಪೋಲರೈಸರ್ ಇಲ್ಲದೆ ಅಳೆದರು. ಹಳೆಯ ಪ್ರೋಗ್ರಾಂ ಎರಡು ಹೊತ್ತು ತೋರಿಸಿತು. ಆಮೇಲೆ ಪೋಲರೈಸರನ್ನು ಆ ಕೋನಕ್ಕೆ ತಿರುಗಿಸಿ ಅಳೆದರು. ಅದೇ ಹಳೆಯ ಪ್ರೋಗ್ರಾಂ ಒಂದೇ ಹೊತ್ತು ತೋರಿಸಿತು. ನನ್ನ ಮೂರು ವಾರಕ್ಕೆ ಎದುರಾಗಿ ಅವರಿಗೆ ಹಿಡಿದದ್ದು ಒಂದು ಮಧ್ಯಾಹ್ನ. ನನ್ನ ಲೆಕ್ಕ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ನಾನು ಸೇರಿಸಿದ ನಾಲ್ಕು ಸಾಲು ಮಾತ್ರ ತಪ್ಪು.

ಆ ನಾಲ್ಕು ಸಾಲು ಏನು ಮಾಡುತ್ತಿದ್ದವು ಎಂದು ಆಮೇಲೆ ಯೋಚಿಸಿದೆ. ನಿಜವಾಗಿ ಎರಡು ಬಗೆಯ ಅಣುಗಳಿದ್ದು ಒಂದು ಬಗೆ ಸ್ವಲ್ಪವೇ ಇದ್ದರೂ, ಒಂದೇ ಇದೆ ಎಂದು ಹೇಳುತ್ತಿದ್ದವು. ಔಷಧಿ ಸ್ವಲ್ಪ ಅಂಟಿಕೊಂಡಿದ್ದರೂ ಅಂಟಿಲ್ಲ ಎಂದು ಹೇಳುತ್ತಿದ್ದವು. ಗ್ರಾಫು ನೋಡಿದವರಿಗೆ ಅನುಮಾನವೇ ಬರುತ್ತಿರಲಿಲ್ಲ, ಅಷ್ಟು ಚೆಂದ ಇತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಆ ಸಾಲುಗಳನ್ನು ಸದ್ದಿಲ್ಲದೆ ತೆಗೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಕೂಡ ಯಾರಿಗೂ ಹೇಳುವವರಲ್ಲ. ಸುಳ್ಳು ಹೇಳಬಾರದು, ನಿಜ, ಆದರೆ ಮನೆಯ ಸಾಲ, ಬಡ್ತಿ ಎಲ್ಲ ಕಣ್ಣ ಮುಂದೆ ಬಂದವು. ಆಗ ನೆನಪಾದದ್ದು ಇದೇ ಊರಿನ ಎರಡು ಸಂಗತಿ.

ಒಂದು, ನಮ್ಮಪ್ಪನದು. ಮನೆಗೆ ಕೊಬ್ಬರಿ ಕೊಳ್ಳುವವರು ತಕ್ಕಡಿ ತಂದರೆ ಅಪ್ಪ ಮೊದಲು ಖಾಲಿ ತಕ್ಕಡಿ ಎತ್ತಿಸುತ್ತಿದ್ದರು. ಮುಳ್ಳು ನಡುವೆ ನಿಂತರೂ ಬಿಡುತ್ತಿರಲಿಲ್ಲ, ಕೊಬ್ಬರಿಯನ್ನು ಒಂದು ಸಲ ಈ ತಟ್ಟೆಯಲ್ಲಿ, ಒಂದು ಸಲ ಆ ತಟ್ಟೆಯಲ್ಲಿ ಇಟ್ಟು ತೂಗಿಸುತ್ತಿದ್ದರು. ಒಂದು ಸಲ ತಟ್ಟೆಯ ಅಡಿಯಲ್ಲಿ ಅಂಟಿಸಿದ್ದ ಹುಣಸೆಹಣ್ಣು ಸಿಕ್ಕಿತು. "ಯಾರೋ ಹುಡುಗ್ರು ಅಂಟಿಸಿರ್ಬೇಕು ಯಜಮಾನ್ರೇ" ಎಂದು ಬಂದವನು ನಕ್ಕ. ಅಪ್ಪ ಜಗಳ ಮಾಡಲಿಲ್ಲ, ಹುಣಸೆಹಣ್ಣು ಕಿತ್ತು ಕೊಟ್ಟು, "ಈಗ ತೂಗಪ್ಪ" ಎಂದರು. ನಮ್ಮ ಯಂತ್ರಕ್ಕೂ ಇಂಥದೇ ಪರೀಕ್ಷೆ ಇದೆ ಎಂದು ಮೇಡಂ ತೋರಿಸಿಕೊಟ್ಟಿದ್ದರು. ಒಳಗೆ ಬಿಡುವ ಬೆಳಕನ್ನು ಅಡ್ಡಕ್ಕೆ ತಿರುಗಿಸಬೇಕು. ಆಗ ಜನ ಹೆಚ್ಚಿರುವುದು ಕಾಣದ ಬೀದಿಯಲ್ಲಿ, ಕಾಣುವ ಎರಡು ಬೀದಿಗಳಲ್ಲೂ ಸಮ. ಎರಡನ್ನೂ ಅಳೆದಾಗ ವ್ಯತ್ಯಾಸ ಬಂದರೆ ಅದು ವಸ್ತುವಿನದಲ್ಲ, ಯಂತ್ರದ್ದು. ಆ ವ್ಯತ್ಯಾಸಕ್ಕೆ ಜಿ ಫ್ಯಾಕ್ಟರ್ ಎಂದು ಹೆಸರು. ನನಗೆ ಅದು ತಟ್ಟೆಯ ಅಡಿಯ ಹುಣಸೆಹಣ್ಣಿನ ತೂಕವೇ. ತೂಕ ಗೊತ್ತಿದ್ದರೆ ಕಳೆದು ಸರಿಮಾಡಬಹುದು. ಗೊತ್ತಿಲ್ಲದೆ ಅಂದಾಜಿನಲ್ಲಿ ಕಳೆದರೆ ಇನ್ನೊಂದು ಮೋಸ ಮಾಡಿದ ಹಾಗೆ.

ಎರಡನೆಯದು ನಮ್ಮ ವಿಜ್ಞಾನದ ಮೇಷ್ಟ್ರದ್ದು. ನಿಮ್ನ ದರ್ಪಣದಲ್ಲಿ ದೂರದ ತೆಂಗಿನ ಮರದ ಬಿಂಬವನ್ನು ಗೋಡೆಯ ಮೇಲೆ ಹಿಡಿದು ಸಂಗಮ ದೂರ ಅಳೆಯುವ ಪ್ರಯೋಗ. ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ನಾನು ದಫ್ತರಿನಲ್ಲಿ 15, 15, 15 ಎಂದು ಬರೆದಿದ್ದೆ. ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿ, "ಮೂರು ಸಲ ನೋಡಿದ್ಯೇನೋ, ಇಲ್ಲಾ ಒಂದು ಸಲ ನೋಡಿ ಮೂರು ಸಲ ಬರೆದ್ಯೇನೋ?" ಎಂದರು. ತರಗತಿಯೆಲ್ಲ ನಕ್ಕಿತು. ಪಕ್ಕದ ಬೆಂಚಿನವನದು 14.6, 15.3, 14.9 ಎಂದಿತ್ತು. ಅವನಿಗೆ ಪೂರ್ತಿ ಅಂಕ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದು ಕಳಿಸಿ" ಎಂದರು. ಆವೃತ್ತಿ ಹೋಗಿದ್ದ ಎರಡೂ ಕಡೆಗೆ ನನ್ನ ಹೆಸರಿನಲ್ಲೇ ಪತ್ರ ಹೋಯಿತು, ಇದನ್ನು ಬಳಸಬೇಡಿ, ತಪ್ಪು ನನ್ನದು ಎಂದು. ಆ ವರ್ಷ ನನಗೆ ಬಡ್ತಿ ಸಿಗಲಿಲ್ಲ. ಆದರೆ ಪ್ರೋಗ್ರಾಮಿನಲ್ಲಿ ಒಂದು ಹೊಸ ಖಾನೆ ಸೇರಿತು: ಪೋಲರೈಸರ್ ಕೋನ ಎಷ್ಟು? ಅದನ್ನು ತುಂಬದೆ ಇದ್ದರೆ ಅಳತೆಯೇ ಶುರುವಾಗುವುದಿಲ್ಲ. ನಾನು ಬರೆದ ಪ್ರೋಗ್ರಾಮುಗಳಲ್ಲಿ ನನಗೆ ಹೆಮ್ಮೆ ಇರುವುದು ಆ ಒಂದು ಖಾನೆಯ ಬಗ್ಗೆ.

ಬೆಳಕಿನ ವಾಲಿಕೆ ಯಾವಾಗಲೂ ಶತ್ರುವಲ್ಲ ಎಂದೂ ಹೇಳಬೇಕು. ಸರಿಯಾಗಿ ಅಳೆದರೆ ಅದೇ ಸುದ್ದಿಯಾಗುತ್ತದೆ. ದನ ಕಂದು ಹಾಕುವ ಬ್ರುಸೆಲ್ಲೋಸಿಸ್ ರೋಗ ನಮ್ಮ ರೈತರಿಗೆ ಗೊತ್ತು. ಅದನ್ನು ರಕ್ತದಲ್ಲಿ ಪತ್ತೆ ಹಚ್ಚುವ ಒಂದು ವಿಧಾನ ಈ ವಾಲಿಕೆಯ ಮೇಲೆಯೇ ನಿಂತಿದೆ. ರೋಗಾಣುವಿನ ಒಂದು ಸಣ್ಣ ತುಣುಕಿಗೆ ಹೊಳೆಯುವ ಬಣ್ಣ ಅಂಟಿಸಿ ದನದ ರಕ್ತದಿಂದ ತೆಗೆದ ಸೀರಮ್‌ಗೆ ಹಾಕುತ್ತಾರೆ. ಆ ರೋಗದ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಇದ್ದರೆ ತುಣುಕಿಗೆ ಅಂಟಿಕೊಳ್ಳುತ್ತದೆ, ತುಣುಕು ಭಾರವಾಗಿ ನಿಧಾನವಾಗಿ ತಿರುಗುತ್ತದೆ, ಬೆಳಕಿನ ವಾಲಿಕೆ ಹೆಚ್ಚುತ್ತದೆ. ಅದನ್ನು ಓದಿ ರೋಗ ಇದೆ, ಇಲ್ಲ ಎನ್ನುತ್ತಾರೆ.

ನಾವು ಪ್ರತಿ ವರ್ಷ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ. ಇದೇ ಪ್ರಾಂಗಣದಲ್ಲಿ ನಾನು ಆ ದಿನ ಭಾಷಣ ಬಾಯಿಪಾಠ ಮಾಡಿ ಒಪ್ಪಿಸಿದ್ದೇನೆ. ಆದರೆ ಒಂದು ವಿಷಯ ಆಗ ನನಗೆ ಗೊತ್ತಿರಲಿಲ್ಲ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ದ್ರವಗಳಿಂದ ಬರುವ ಒಂದು ಮಂದ ಬೆಳಕನ್ನು ಕಂಡರು. ಅದು ಬರೀ ಪ್ರತಿದೀಪ್ತಿ ಇರಬಹುದೇ ಎಂಬ ಅನುಮಾನ ಎದುರಿಗಿತ್ತು. ಆ ಬೆಳಕು ಒಂದು ದಿಕ್ಕಿಗೆ ಬಲವಾಗಿ ವಾಲಿದೆ ಎಂದು ಅವರು ನೋಡಿದರು. ಸಾಮಾನ್ಯ ತೆಳು ದ್ರವಗಳ ಪ್ರತಿದೀಪ್ತಿ ಹಾಗೆ ವಾಲಿರುವುದಿಲ್ಲ, ಅಣುಗಳು ತಿರುಗಿ ಮರೆತಿರುತ್ತವೆ. ಇದು ಹೊಸ ಸಂಗತಿ ಎನ್ನುವುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಈ ವಾಲಿಕೆಯೂ ಒಂದು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, ಕೊನೆಯವರೆಗೂ ಅಲ್ಲೇ ಇದ್ದರು. ನಾನು ಮೂರು ವಾರ ಕೇಳದೆ ಇದ್ದ ಪ್ರಶ್ನೆಯನ್ನು ಅವರು ಆ ಕಾಲಕ್ಕೇ ಕೇಳಿದ್ದರು.

ಕೊನೆಯ ಮಾತು. ನಮ್ಮ ಬ್ಯಾಚಿನವರು ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಕೆಲವು ಸಾಮಾನು ಕೊಡುತ್ತಿದ್ದೇವೆ. ಅದರ ಜೊತೆ ಈ ಟಾರ್ಚು, ಈ ಎರಡು ಹಾಳೆ, ಅರಿಶಿನದ ಸೀಸೆಯನ್ನೂ ಇಟ್ಟು ಹೋಗುತ್ತೇನೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ. ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ ಇದೆ. ಮಕ್ಕಳು ಕಂಡದ್ದನ್ನು ಕಂಡ ಹಾಗೆ ಬರೆದರೆ, ಅದು ಪುಸ್ತಕದ ಉತ್ತರಕ್ಕೆ ಹೊಂದದಿದ್ದರೂ, ಅಂಕ ಕೊಡಿ. ಯಾಕೆ ಹೊಂದಲಿಲ್ಲ ಎಂದು ಅವರ ಜೊತೆ ಕೂತು ಹುಡುಕಿ.

ನನಗೆ ಆ ಪ್ರಶ್ನೆ ಕೇಳಿದ ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಅವತ್ತು ನಾನು ಒಂದೇ ಸಲ ನೋಡಿ ಮೂರು ಸಲ ಬರೆದಿದ್ದೆ. ಇಷ್ಟು ವರ್ಷ ತಡವಾಗಿ ಒಪ್ಪಿಕೊಳ್ಳುತ್ತಿದ್ದೇನೆ.